ಇಬ್ಬರಿಗೆ ಒಂದು ಬಾಣಲೆ

ಎಪ್ಪತ್ತು ದಾಟಿದ ಗಂಡಸೊಬ್ಬ ಅಡುಗೆ ಕಲಿತ ಸಂಗತಿಯೂ ಒಂದು ಲೇಖನಕ್ಕೆ ವಸ್ತುವೇ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮ ಮುಂಬಯಿ ಕನ್ನಡಿಗರಲ್ಲಿ ಎಷ್ಟೋ ಮಂದಿಯ ಹಿರಿಯರು ಈ ಮಹಾನಗರವನ್ನು ಪ್ರವೇಶಿಸಿದ್ದೇ ಹೊಟೇಲಿನ ಅಡುಗೆಮನೆಯ ಹಿಂಬಾಗಿಲಿನಿಂದ. ನಾನೂ ಹದಿನಾರನೆಯ ವಯಸ್ಸಿಗೆ ಕಾರ್ಕಳದ ಕಡೆಯಿಂದ ಬಂದು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕಪ್ಪು-ಬಸಿ ತೊಳೆದವನೇ. ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ತೂಕಡಿಸುತ್ತಾ ಓದಿ, ಕಡೆಗೆ ಗುಮಾಸ್ತನಾದವನೇ. ಆದರೆ ಕಪ್ಪು ತೊಳೆದವನಿಗೆಲ್ಲ ಚಹಾ ಮಾಡಲು ಬರುತ್ತದೆಂದು ತಿಳಿಯಬಾರದು. ಮದುವೆಯಾದ ೧೯೭೮ರಿಂದ ಕಳೆದ ಮಳೆಗಾಲದವರೆಗೆ ನಾನು ನಮ್ಮ ಅಡುಗೆಮನೆಗೆ ಹೋಗುತ್ತಿದ್ದದ್ದು ಎರಡೇ ಕಾರಣಕ್ಕೆ: ಒಂದು, ನೀರು ಕುಡಿಯಲು, ಇನ್ನೊಂದು, ಊಟ ಆಯಿತೇ ಎಂದು ಕೇಳಲು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನನ್ನಾಕೆ ತರಕಾರಿ ಚೀಲ ಹಿಡಿದುಕೊಂಡು ನಮ್ಮ ಡೊಂಬಿವಲಿಯ ಕಟ್ಟಡದ ಮೆಟ್ಟಿಲು ಹತ್ತುವಾಗ ಜಾರಿದಳು. ಬೀಳುವವರು ಸಹಜವಾಗಿ ಕೈ ಊರುತ್ತಾರೆ. ಅವಳೂ ಊರಿದಳು. ಬಲಗೈಯ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರು ಎಂದರು ಡಾಕ್ಟರು. ಬಿಳಿಯ ಪ್ಲಾಸ್ಟರನ್ನು ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ ತೂಗಿಸಿಕೊಂಡು ಮನೆಗೆ ಬಂದವಳು ಮೊದಲು ಹೇಳಿದ ಮಾತು ನೋವಿನದಲ್ಲ. "ಅಯ್ಯೋ, ದೋಸೆಗೆ ಅಕ್ಕಿ ನೆನೆಹಾಕಿದ್ದೆ ಅಲ್ದಾ?"

ಮಗ ಬೆಂಗಳೂರಿನಲ್ಲಿ, ಮಗಳು ಸಮುದ್ರದಾಚೆ. ನಾವು ಊರು ಬಿಟ್ಟು ಮುಂಬಯಿಗೆ ಬಂದೆವು. ಮಗ ಮುಂಬಯಿ ಬಿಟ್ಟು ಕರ್ನಾಟಕಕ್ಕೆ ಹೋದ. ಇದರಲ್ಲಿ ಯಾರು ಪರವೂರಿನವರು ಎಂಬ ಲೆಕ್ಕ ನನಗಿನ್ನೂ ಹತ್ತಿಲ್ಲ. ಇಬ್ಬರೂ ದೂರವಾಣಿಯಲ್ಲಿ ಒಂದೇ ಸಲಹೆ ಕೊಟ್ಟರು: "ಅಪ್ಪಾ, ಹೊರಗಿನಿಂದ ತರಿಸಿಕೊಳ್ಳಿ." ತರಿಸಿದೆವು. ಈಗ ಫೋನಿನಲ್ಲಿ ಬೆರಳಾಡಿಸಿದರೆ ಅರ್ಧ ಗಂಟೆಯಲ್ಲಿ ಡಬ್ಬಿ ಬಾಗಿಲಿಗೆ ಬರುತ್ತದೆ. ಒಂದು ವಾರ ಅದು ಮಜವೇ ಅನ್ನಿಸಿತು. ಎರಡನೆಯ ವಾರ ಕೆಂಪು ಬಣ್ಣದ್ದಕ್ಕೂ ಹಳದಿ ಬಣ್ಣದ್ದಕ್ಕೂ ರುಚಿ ಒಂದೇ ಎಂದು ಗೊತ್ತಾಯಿತು. ಭಾನುವಾರ ಇಬ್ಬರಿಗೆಂದು ತರಿಸಿದ ಕೋಳಿ ಊಟಕ್ಕೆ ಆರುನೂರು ರೂಪಾಯಿಗೂ ಮೇಲೆ ತೆತ್ತು, ಅರ್ಧ ಎಸೆದು, ಅವಳು ಎಡಗೈಯಲ್ಲಿ ಚಮಚ ಹಿಡಿದು ಮಜ್ಜಿಗೆ ಅನ್ನ ತಿಂದ ರಾತ್ರಿ ನಾನು ಘೋಷಿಸಿದೆ: "ಬರುವ ಭಾನುವಾರ ಕೋಳಿ ನಾನೇ ಮಾಡುವವನು."

ಅವಳು ನಗಲಿಲ್ಲ. ನಕ್ಕಿದ್ದರೆ ನಾನು ಬಹುಶಃ ಅಲ್ಲಿಗೇ ಬಿಡುತ್ತಿದ್ದೆ. "ಹ್ವಾಯ್, ಹೆಚ್ಚು ಪಾತ್ರೆ ಮಾಡ್ಬೇಡಿ. ತೊಳೂಕೆ ಜನ ಇಲ್ಲೆ" ಎಂದಳು. ಅವಳು ಕುಂದಾಪುರದ ಕಡೆಯವಳು. ಇಷ್ಟು ವರ್ಷ ಮುಂಬಯಿಯ ನೀರು ಕುಡಿದರೂ ಅವಳ ಕುಂದಗನ್ನಡ ಒಂದು ಅಕ್ಷರವೂ ಸವೆದಿಲ್ಲ.

ಸಸ್ಯಾಹಾರಿ ಓದುಗರು ಇಲ್ಲಿಂದ ಮುಂದೆ ಕ್ಷಮಿಸಬೇಕು. ಅಥವಾ ಕೋಳಿ ಎಂದಿರುವಲ್ಲೆಲ್ಲ ಬಟಾಟೆ, ಬಟಾಣಿ ಎಂದು ಓದಿಕೊಳ್ಳಬೇಕು. ಸಂಸಾರದ ಮಾತು ಎರಡಕ್ಕೂ ಸಮವೇ.

ಒಂದೇ ಪಾತ್ರೆಯಲ್ಲಿ ಮಾಡುವುದೆಂದು ನಿಶ್ಚಯಿಸಿದ್ದಾಯಿತು. ಯಾವ ಪಾತ್ರೆ? ನಮ್ಮ ಅಡುಗೆಮನೆಯ ಕಪಾಟು ತೆರೆದಾಗ ನನಗೆ ಕಂಡದ್ದೆಲ್ಲ ಸಮಾರಂಭದ ಪಾತ್ರೆಗಳು. ಹತ್ತು ಜನರ ತಪ್ಪಲೆ, ಎಂಟು ಜನರ ಕುಕ್ಕರು, ಒಂದು ಇಡೀ ಕೋಳಿ ಈಜಾಡಬಹುದಾದ ಬೋಗುಣಿ. ಮಕ್ಕಳು ಮನೆ ಬಿಟ್ಟು ಹತ್ತು-ಹನ್ನೆರಡು ವರ್ಷಗಳಾಗಿದ್ದರೂ ಇಬ್ಬರ ಅಡುಗೆಗೆ ಸರಿಯಾದ ಪಾತ್ರೆ ಅಲ್ಲಿ ಒಂದೂ ಇರಲಿಲ್ಲ. ಹಾಗಾದರೆ ಇಷ್ಟು ವರ್ಷ ಅವಳು ಎಷ್ಟು ಜನಕ್ಕೆ ಅಡುಗೆ ಮಾಡುತ್ತಿದ್ದಳು? ಕೇಳಿದೆ. "ಯಾರಾದ್ರೂ ಬಂದ್ರೆ?" ಎಂದಳು. ಯಾರೂ ಬರುತ್ತಿರಲಿಲ್ಲ. ಉಳಿದದ್ದು ಫ್ರಿಜ್ಜಿಗೆ, ಫ್ರಿಜ್ಜಿನಿಂದ ಮರುದಿನದ ತಟ್ಟೆಗೆ. ಆ ಮರುದಿನದ ತಟ್ಟೆ ಯಾರದೆಂದು ನಾನು ಆಗ ಯೋಚಿಸಿರಲಿಲ್ಲ.

"ಅಟ್ಟದ ಮೇಲೆ ಕಾಣಿ. ಹಳೇ ಬಾಣಲೆ ಇತ್ತ್" ಎಂದಳು. ಸ್ಟೂಲು ಹತ್ತಿ, ಹಳೆಯ ಕ್ಯಾಲೆಂಡರುಗಳ ಹಾಗೂ ಮಗಳ ಶಾಲೆಯ ಚೀಲದ ಹಿಂದೆ ಕೈಯಾಡಿಸಿದೆ. ಗೋಣಿಚೀಲದಲ್ಲಿ ಸುತ್ತಿಟ್ಟ ದಪ್ಪ ತಳದ ಅಲ್ಯುಮಿನಿಯಂ ಬಾಣಲೆ ಸಿಕ್ಕಿತು. ಒಂದು ಕಿವಿಯ ರಿವೆಟ್ಟು ಸ್ವಲ್ಪ ಸಡಿಲ. ಮುಚ್ಚಳಕ್ಕೆ ಎರಡು ನೆಗ್ಗು. ನೋಡಿದ ಕೂಡಲೇ ಗುರುತು ಹತ್ತಿತು. ೧೯೭೮ರಲ್ಲಿ ನಾವಿಬ್ಬರೂ ಭುಲೇಶ್ವರಕ್ಕೆ ಹೋಗಿ ಹದಿನೇಳು ರೂಪಾಯಿಗೆ ಕೊಂಡು ತಂದ ಬಾಣಲೆ. ಹದಿನೆಂಟು ಹೇಳಿದ್ದ ಅಂಗಡಿಯವನು. ಒಂದು ರೂಪಾಯಿ ಇಳಿಸಿದ ಸಂತೋಷಕ್ಕೆ ಅಲ್ಲೇ ಒಂದು ರೂಪಾಯಿಯ ಕಬ್ಬಿನ ಹಾಲು ಕುಡಿದು ಬಂದಿದ್ದೆವು.

ಆಗ ನಮ್ಮ ವಾಸ ಕುರ್ಲಾದ ಒಂದು ಚಾಳಿನಲ್ಲಿ. ಹತ್ತಡಿ ಉದ್ದ, ಹನ್ನೆರಡಡಿ ಅಗಲದ ಖೋಲಿ, ಮೂಲೆಯಲ್ಲಿ ಮೋರಿ, ಹೊರಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಇದ್ದದ್ದು ಪಂಪು ಹೊಡೆಯುವ ಸೀಮೆಎಣ್ಣೆಯ ಸ್ಟೋವು ಒಂದೇ. ಸೀಮೆಎಣ್ಣೆ ರೇಶನ್ ಕಾರ್ಡಿನ ಮೇಲೆ, ಅದೂ ಸಾಲಿನಲ್ಲಿ ನಿಂತವರಿಗೆ. ಅನ್ನ ಮಾಡಿ ಇಳಿಸಿ ಸಾರು ಇಟ್ಟರೆ ಸಾರಾಗುವಾಗ ಅನ್ನ ತಣ್ಣಗೆ. ಸಾರು ಮೊದಲು ಮಾಡಿದರೆ ಅನ್ನವಾಗುವಾಗ ಸಾರು ತಣ್ಣಗೆ. ಎರಡು ಸಲ ಬಿಸಿ ಮಾಡುವಷ್ಟು ಎಣ್ಣೆ ಎಲ್ಲಿಂದ ತರುವುದು?

ಕೋಳಿಯೆಂದರೆ ನಮ್ಮ ಮಟ್ಟಿಗೆ ಸಂಬಳದ ವಾರದ ಮಾತು. ಆಗ ನಮ್ಮ ಕೈಗೆ ಸಿಗುತ್ತಿದ್ದದ್ದು ನಾಟಿ ಕೋಳಿ, ಇಲ್ಲಿಯವರು ಗಾವಠಿ ಎನ್ನುವುದು. ಓಡಾಡಿ ಬೆಳೆದ ಕೋಳಿಯ ಮಾಂಸ ಗಟ್ಟಿ. ಒಂದು ಗಂಟೆಗೂ ಮಿಕ್ಕಿ ಬೇಯಿಸಬೇಕು. ಅಷ್ಟು ಹೊತ್ತು ಸ್ಟೋವು ಉರಿಸಿದರೆ ತಿಂಗಳ ಕೊನೆಯ ವಾರ ಚಹಾ ಇಲ್ಲ. ಆಗ ಪಕ್ಕದ ಖೋಲಿಯ ಮರಾಠಿ ವಹಿನಿ ನನ್ನಾಕೆಗೆ ಒಂದು ಉಪಾಯ ಹೇಳಿಕೊಟ್ಟರು. ಕಾಯಿ ಪಪ್ಪಾಯಿಯ ಒಂದು ತುಂಡನ್ನು ಸಿಪ್ಪೆ ಸಮೇತ ಅರೆದು ಮಾಂಸಕ್ಕೆ ಹಚ್ಚಿ ಒಂದು ಗಂಟೆ ಬಿಟ್ಟರೆ ಎಂಥ ಹಟದ ಕೋಳಿಯೂ ಮೆತ್ತಗಾಗುತ್ತದೆ ಎಂದು. ಪಪ್ಪಾಯಿಯ ಹಾಲಿನಲ್ಲಿ ಪಪೇಯಿನ್ ಎಂಬ ಒಂದು ಕಿಣ್ವವಿದೆ, ಅದು ಮಾಂಸದ ನಾರನ್ನು ಒಡೆಯುತ್ತದೆ ಎಂದು ನಾನು ಓದಿದ್ದು ಎಷ್ಟೋ ಕಾಲದ ಮೇಲೆ. ವಹಿನಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಹೀಗೆ ಮೆತ್ತಗಾದ ಅರ್ಧ ಕೋಳಿಯನ್ನು ಬಾಣಲೆಯಲ್ಲಿ ಹುರಿದು, ಅತ್ತೆಯವರು ಊರಿನಿಂದ ಡಬ್ಬಿಯಲ್ಲಿ ಕಳಿಸಿದ ಕುಂದಾಪುರದ ಮಸಾಲೆ ಹಾಕಿ, ಅರ್ಧ ಬೇಯಿಸಿ, ಅದರ ಮೇಲೆಯೇ ಅಕ್ಕಿ ಸುರಿದು ಮುಚ್ಚಳ ಮುಚ್ಚುತ್ತಿದ್ದಳು. ಸ್ಟೋವಿನ ಶಬ್ದ ನಿಂತಾಗ ನಾವು ನೆಲದ ಮೇಲೆ ಎದುರುಬದುರು ಕುಳಿತುಕೊಳ್ಳುತ್ತಿದ್ದೆವು. ಬಾಣಲೆ ನಡುವೆ.

ಅಟ್ಟದಿಂದ ಇಳಿದ ಬಾಣಲೆಯನ್ನು ಹುಣಿಸೆಹಣ್ಣು, ಬೂದಿ ಎಂದು ಹುಡುಕದೆ ಸಾಬೂನಿನಲ್ಲಿಯೇ ತಿಕ್ಕಿ ತೊಳೆದೆ. ಭಾನುವಾರ ಸಂಜೆ ಕೋಳಿ ಅಂಗಡಿಗೆ ಹೊರಟೆ.

ಅಲ್ಲಿಯೂ ಒಂದು ಪಾಠ ಕಾದಿತ್ತು. "ನಾಲ್ಕುನೂರು ಗ್ರಾಂ" ಎಂದಾಗ ಅಂಗಡಿಯ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕಾಕಾ, ಒಂದು ಕಿಲೋ ಕೊಡ್ತೇನೆ, ಫ್ರಿಜ್ಜಲ್ಲಿ ಇಡಿ" ಎಂದು ಮರಾಠಿಯಲ್ಲಿ ಉಪದೇಶಿಸಿದ. ಇಬ್ಬರೇ ಇದ್ದೇವೆ ಎಂದೆ. ಇದನ್ನು ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಹುಡುಗನಿಗೆ ಅದೇನೂ ಇಲ್ಲ, ಕತ್ತಿ ಎತ್ತಿದ. ಕಾಲು ಮತ್ತು ತೊಡೆಯ ತುಂಡುಗಳನ್ನೇ ಎಲುಬಿನೊಂದಿಗೆ ಕೊಡು ಎಂದೆ. ನಾನು ಗುಮಾಸ್ತನಾಗಿದ್ದವನು, ಯಾವ ಕೆಲಸಕ್ಕೂ ಮೊದಲು ಓದಿಕೊಳ್ಳುವವನು. ಎದೆಯ ಮಾಂಸ ಬೇಗ ಬೆಂದು ಬೇಗ ಒಣಗುತ್ತದೆ. ಕಾಲು-ತೊಡೆಯ ಮಾಂಸದಲ್ಲಿ ಕೊಬ್ಬೂ ನರವೂ ಹೆಚ್ಚು, ನಿಧಾನ ಉರಿಯಲ್ಲಿ ಅವು ಕರಗಿ ಅನ್ನಕ್ಕೆ ಇಳಿಯುತ್ತವೆ. ಎಲುಬಿನ ರಸ ಉಚಿತ. ಒಂದೇ ಪಾತ್ರೆಯ ಅಡುಗೆಗೆ ಇದೇ ಸರಿ. ಇನ್ನೊಂದು ಅನುಕೂಲ: ಈಗಿನ ಬ್ರಾಯ್ಲರ್ ಕೋಳಿ ಆರೇಳು ವಾರದ ಕೂಸು. ಇಪ್ಪತ್ತೈದು-ಮೂವತ್ತು ನಿಮಿಷದಲ್ಲಿ ಬೇಯುತ್ತದೆ. ಪಪ್ಪಾಯಿ ಬೇಡ, ಮೊದಲು ಅರ್ಧ ಬೇಯಿಸುವುದೂ ಬೇಡ. ಕೋಳಿಯೂ ಅಕ್ಕಿಯೂ ಹೆಚ್ಚುಕಡಿಮೆ ಒಟ್ಟಿಗೇ ಆಗುತ್ತವೆ.

ಮನೆಗೆ ಬಂದೊಡನೆ ಮೊದಲ ಜಗಳ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆದರೆ ನೀರು ಸಿಡಿದು ರೋಗಾಣುಗಳು ಅಡುಗೆಕಟ್ಟೆಗೆಲ್ಲ ಹರಡುತ್ತವೆ, ತೊಳೆಯುವುದು ಬೇಡ, ಬೇಯುವಾಗ ಎಲ್ಲ ಸಾಯುತ್ತವೆ ಎಂದು ಈಗಿನ ತಜ್ಞರು ಹೇಳುತ್ತಾರೆ ಎಂದೆ. "ತೊಳೀದೆ ಬೇಯ್ಸೂದಾ? ನಮ್ಮ ಮನೇಲಿ ಆಪುದಲ್ಲ" ಎಂದು ಅವಳು ಎದ್ದೇ ಬಿಟ್ಟಳು. ಕೊನೆಗೆ ರಾಜಿಯಾಯಿತು. ಆಳವಾದ ಪಾತ್ರೆಯೊಂದರಲ್ಲಿ ನೀರು ತುಂಬಿಸಿ ತುಂಡುಗಳನ್ನು ಮೆಲ್ಲನೆ ಅದ್ದಿ ತೆಗೆದೆ. ಆಮೇಲೆ ಕಟ್ಟೆ, ಕತ್ತಿ, ನನ್ನ ಕೈ ಮೂರನ್ನೂ ಸಾಬೂನಿನಿಂದ ತೊಳೆದೆ. ವಿಜ್ಞಾನಕ್ಕೂ ಕುಂದಾಪುರಕ್ಕೂ ಅಷ್ಟರ ಮಟ್ಟಿಗೆ ಸಂಧಿ.

ಮಸಾಲೆ ಡಬ್ಬಿಯಲ್ಲಿ ಸಿದ್ಧವಿತ್ತು. ಇಲ್ಲದವರಿಗೆ ಹೇಳುವುದಾದರೆ: ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಳುಮೆಣಸು, ಜೀರಿಗೆ, ಚೂರೇ ಚೂರು ಮೆಂತೆ, ಅರಸಿನ, ಬೆಳ್ಳುಳ್ಳಿ, ಬೇರೆ ಬೇರೆಯಾಗಿ ಹುರಿದು ಪುಡಿಮಾಡಿದ್ದು. ಬ್ಯಾಡಗಿಯದು ಬಣ್ಣ ಹೆಚ್ಚು, ಖಾರ ಕಡಿಮೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಮಾಟುಂಗಾದ ನಮ್ಮವರ ಅಂಗಡಿಗಳಲ್ಲಿ ಹಿಂದಿನಿಂದಲೂ ಸಿಗುತ್ತದೆ. ಕೊಂಕಣ ರೈಲು ೧೯೯೮ರಲ್ಲಿ ಪೂರ್ತಿಯಾಗಿ ತೆರೆಯುವ ಮುನ್ನ ನಮ್ಮ ಮಸಾಲೆ, ತೆಂಗಿನೆಣ್ಣೆ ಎಲ್ಲ ರಾತ್ರಿ-ಹಗಲು ಬಸ್ಸಿನಲ್ಲಿ ಕುಳಿತು ಬರುತ್ತಿದ್ದವು. ತಂದುಕೊಟ್ಟವರ ಬಟ್ಟೆಯ ಚೀಲವೆಲ್ಲ ಘಮಘಮ.

ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯ ತೋರುಬೆರಳಿನಿಂದ ನನ್ನನ್ನು ಆಳತೊಡಗಿದಳು.

ಮೊದಲ ಭಾನುವಾರ ಕೆಟ್ಟಿತು. ಬೇಗ ಆಗಲೆಂದು ಉರಿ ದೊಡ್ಡದು ಮಾಡಿದೆ. ತಳ ಕಪ್ಪಾಯಿತು, ಮೇಲಿನ ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ಎರಡನೆಯ ಭಾನುವಾರವೂ ಕೆಟ್ಟಿತು. ಉರಿ ಸಣ್ಣದಿಟ್ಟೆ, ಆದರೆ ಆತಂಕಕ್ಕೆ ಎರಡೆರಡು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡಿದೆ. ಆವಿಯೆಲ್ಲ ಹೊರಟುಹೋಗಿ ಅನ್ನ ಒರಟಾಯಿತು. "ಹ್ವಾಯ್, ಆಫೀಸಿನ ಫೈಲ್ ಅಲ್ಲ ಅದ್, ತೆಗ್ದ್ ತೆಗ್ದ್ ಕಾಂಬುಕೆ" ಎಂದಳು. ಎರಡು ಸಲವೂ ಒಂದು ಮಾತಾಡದೆ ತಿಂದಳು. ಅಷ್ಟು ವರ್ಷ ಅವಳ ಸಾರಿಗೆ ಉಪ್ಪು ಕಡಿಮೆಯೆಂದು ನಾನು ಎಷ್ಟು ಸಲ ತಟ್ಟೆ ಸರಿಸಿದ್ದೇನೆಂದು ಅಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟೆ.

ಮೂರನೆಯ ಭಾನುವಾರ ಒಂದು ನೋಟುಬುಕ್ಕು ತಂದು, ಅವಳು ಹೇಳಿದ ಅಳತೆಯನ್ನೆಲ್ಲ ಬರೆದುಕೊಂಡು ಆರಂಭಿಸಿದೆ. ಅದನ್ನೇ ಇಲ್ಲಿ ಕೊಡುತ್ತೇನೆ.

ನಾಲ್ಕುನೂರು ಗ್ರಾಂ ಕೋಳಿಗೆ ಒಂದು ಚಮಚ ಉಪ್ಪು, ಕಾಲು ಚಮಚ ಅರಸಿನ, ಎರಡು ಚಮಚ ಮಸಾಲೆ ಪುಡಿ, ಜಜ್ಜಿದ ಶುಂಠಿ ಮತ್ತು ಆರು ಎಸಳು ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ ಮುಚ್ಚಿಡುವುದು. ಕೋಲಂ ಅಕ್ಕಿ ಒಂದು ಲೋಟ, ಅಂದರೆ ನಮ್ಮ ಲೋಟದಲ್ಲಿ ನೂರೈವತ್ತು ಗ್ರಾಂ, ತೊಳೆದು ಇಪ್ಪತ್ತು ನಿಮಿಷ ನೆನೆಯಲು ಬಿಡುವುದು. ಬಾಣಲೆ ಕಾದ ಮೇಲೆ ಎರಡು ದೊಡ್ಡ ಚಮಚ ತೆಂಗಿನೆಣ್ಣೆ; ಅದರಲ್ಲಿ ಕೋಳಿಯ ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಕೆದಕದೆ, ಒಂದೊಂದು ಬದಿ ಮೂರು-ನಾಲ್ಕು ನಿಮಿಷ ಕೆಂಪಗಾಗಲು ಬಿಟ್ಟು, ತಟ್ಟೆಯೊಂದಕ್ಕೆ ತೆಗೆದಿಡುವುದು. ತಳದಲ್ಲಿ ಹಿಡಿದ ಕಂದು ಪದರವನ್ನು ತೊಳೆದು ತೆಗೆಯಬಾರದು, ರುಚಿ ಇರುವುದೇ ಅದರಲ್ಲಿ. ಅದೇ ಎಣ್ಣೆಯಲ್ಲಿ ಹೆಚ್ಚಿದ ಎರಡು ಈರುಳ್ಳಿ, ಒಂದು ಎಸಳು ಕರಿಬೇವು. ಈರುಳ್ಳಿಯ ನೀರಿಗೆ ಆ ಪದರ ತಾನಾಗಿ ಬಿಡುತ್ತದೆ. ನಾಲ್ಕು ಹೋಳು ಮಾಡಿದ ಒಂದು ಬಟಾಟೆ, ನೀರು ಬಸಿದ ಅಕ್ಕಿ. ಒಂದು ನಿಮಿಷ ಮಗುಚುವುದು. ಒಂದೂಕಾಲು ಲೋಟ ನೀರು, ಅರ್ಧ ಲೋಟ ತೆಂಗಿನ ಹಾಲು, ಸ್ವಲ್ಪ ಉಪ್ಪು. ಎರಡು ಲೋಟ ಪೂರ್ತಿ ಬೇಡ, ಕೋಳಿಯೇ ನೀರು ಬಿಡುತ್ತದೆ. ಕೋಳಿಯನ್ನು ಮೇಲೆ ಜೋಡಿಸಿ, ಒಂದು ಕುದಿ ಬಂದೊಡನೆ ಉರಿಯನ್ನು ಆದಷ್ಟು ಸಣ್ಣದು ಮಾಡಿ ಮುಚ್ಚುವುದು. ಇಪ್ಪತ್ತು ನಿಮಿಷ ತೆಗೆಯಬಾರದು. ಆಮೇಲೆ ಒಲೆ ಆರಿಸಿ ಇನ್ನೂ ಹತ್ತು ನಿಮಿಷ ತೆಗೆಯಬಾರದು. ಬಾಣಲೆಯೊಳಗಿನ ಆವಿ ಉಳಿದ ಕೆಲಸವನ್ನು ಮುಗಿಸುತ್ತದೆ, ಗ್ಯಾಸಿನ ಖರ್ಚಿಲ್ಲದೆ. ಬಡಿಸುವ ಮೊದಲು ದಪ್ಪ ತುಂಡೊಂದನ್ನು ಎಲುಬಿನ ತನಕ ಚುಚ್ಚಿ ನೋಡುವುದು. ಹೊರಡುವ ರಸ ಕೆಂಪಾಗಿದ್ದರೆ ಇನ್ನೈದು ನಿಮಿಷ ಸಣ್ಣ ಉರಿ. ಹುಳಿಗೆ ಲಿಂಬೆ, ಅದೂ ತಟ್ಟೆಯಲ್ಲಿ. ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಳಿ ಬೇಯಿಸುವುದು ಒಳ್ಳೆಯದಲ್ಲ.

ಆ ಮೂವತ್ತು ನಿಮಿಷ ಮಾಡಲು ಏನೂ ಇಲ್ಲ. ಕಟ್ಟೆ ಒರೆಸಿದೆ, ತಟ್ಟೆ ಇಟ್ಟೆ, ಅವಳ ಎದುರು ಇನ್ನೊಂದು ಕುರ್ಚಿ ಎಳೆದು ಕುಳಿತೆ. ಹೊರಗೆ ಮಳೆ. ತೆಂಗಿನೆಣ್ಣೆಯ ವಾಸನೆ ಮುಚ್ಚಳದ ನೆಗ್ಗಿನ ಸಂದಿಯಿಂದ ಬರುತ್ತಿತ್ತು. "ಕುರ್ಲಾ ಖೋಲಿ ವಾಸ್ನೆ" ಎಂದಳು.

ಬಾಣಲೆಯನ್ನೇ ಮೇಜಿನ ಮೇಲೆ ತಂದಿಟ್ಟೆ. ಅನ್ನ ಬಿಡಿಬಿಡಿಯಾಗಿ, ಕೆಂಪಾಗಿ, ಆಗಿತ್ತು. ನಾನು ಧಾರಾಳ ಮನಸ್ಸಿನಿಂದ ಒಳ್ಳೆಯ ಕಾಲಿನ ತುಂಡೊಂದನ್ನು ಅವಳ ತಟ್ಟೆಗೆ ಹಾಕಿದೆ. ಈ ನಲವತ್ತೈದು ವರ್ಷ ದಾಟಿದ ಸಂಸಾರದಲ್ಲಿ ಅವಳು ಯಾವಾಗಲೂ ಕುತ್ತಿಗೆಯ ತುಂಡು, ರೆಕ್ಕೆಯ ತುದಿ ಇಂಥವನ್ನೇ ಹಾಕಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ನಾನು ಕಾಲನ್ನೇ ಕೇಳಿದ್ದರಲ್ಲಿ ಆ ಪಾಪಕ್ಕೆ ಒಂದು ಪ್ರಾಯಶ್ಚಿತ್ತದ ಯೋಚನೆಯೂ ಇತ್ತು. ಅವಳು ಬಾಣಲೆಯೊಳಗೆ ಚಮಚದಿಂದ ಹುಡುಕುತ್ತಿದ್ದಳು.

"ಕುತ್ಗಿ ತುಂಡ್ ಎಲ್ಲಿತ್ತ್?"

ತರಲಿಲ್ಲ ಎಂದೆ. ಕಾರಣವನ್ನೂ ಹೇಳಿದೆ. ಅವಳು ನಕ್ಕ ನಗೆಗೆ ಪ್ಲಾಸ್ಟರಿನ ಕೈ ಮೇಜಿಗೆ ತಗಲಿತು.

"ತ್ಯಾಗ ಅಂದ್ಕಂಡ್ರ್ಯಾ? ನಂಗೆ ಕುತ್ಗಿಯೇ ಇಷ್ಟ. ಸಣ್ಣಕಿಪ್ಪತ್ತಿಗೂ ಅದೇ. ನೀವ್ ಯಾವತ್ತಾದ್ರೂ ಕೇಂಡಿದ್ರ್ಯಾ?"

ಕೇಳಿರಲಿಲ್ಲ. ಮೊದಲು ಗಮನಿಸಿರಲಿಲ್ಲ, ಆಮೇಲೆ ಗಮನಿಸಿ ನಾನೇ ಒಂದು ಕತೆ ಕಟ್ಟಿಕೊಂಡಿದ್ದೆ. ಸೋತ ಮುಖದಿಂದ, "ಹಾಗಾದರೆ ನಿನಗೆ ಇಷ್ಟು ವರ್ಷ ಬೇಸರವೇ ಆಗಿರಲಿಲ್ಲವೇ ಮಾರಾಯ್ತಿ?" ಎಂದು ಕೇಳಿದೆ.

ಅವಳು ಎಡಗೈಯ ಚಮಚದಲ್ಲಿ ಅನ್ನ ತೆಗೆದುಕೊಂಡು, ಊದಿ, ಬಾಯಿಗಿಟ್ಟಳು. ಆಮೇಲೆ, "ಹೀಂಗೆ ಬಿಸಿ ಬಿಸಿ ಉಂಡದ್ದ್ ಕಡ್ಮೆ" ಎಂದಳು. ಆರೋಪದ ಧ್ವನಿಯಲ್ಲಲ್ಲ. ಇವತ್ತು ಮಳೆ ಜೋರು ಎನ್ನುವ ಹಾಗೆ.

ಅವಳು ಹೇಳಿದ್ದು ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಮನೆಯಲ್ಲಿ ಕೋಳಿಯೆಂದರೆ ನೀರುದೋಸೆ. ನೀರುದೋಸೆಯನ್ನು ಮಾಡಿಡುವಂತಿಲ್ಲ, ಕಾವಲಿಯಿಂದ ತಟ್ಟೆಗೇ ಬರಬೇಕು. ನಾನು, ಮಕ್ಕಳು, ಊರಿನಿಂದ ಬಂದವರು, ಕೆಲಸ ಹುಡುಕಿಕೊಂಡು ಬಂದು ನಮ್ಮಲ್ಲಿ ತಿಂಗಳುಗಟ್ಟಲೆ ತಂಗಿದ ಹುಡುಗರು, ಎಲ್ಲರೂ ಕುಳಿತು ತಿನ್ನುತ್ತಿದ್ದರೆ ಅವಳು ನಿಂತು ಹೊಯ್ಯುತ್ತಿದ್ದಳು. "ಇನ್ನೊಂದು" ಎನ್ನುವುದಷ್ಟೇ ನಮ್ಮ ಕೆಲಸ. ಕೊನೆಯದಾಗಿ ಅವಳು ಕುಳಿತುಕೊಳ್ಳುವಾಗ ನಾವು ಕೈ ತೊಳೆದು ಸುದ್ದಿ ಕೇಳುತ್ತಿದ್ದೆವು. ಚಪಾತಿಯ ದಿನವೂ ಅದೇ. ನಮಗೆ ಎರಡು ಒಲೆಯ ಗ್ಯಾಸು ಬಂತು, ಮಿಕ್ಸರು ಬಂತು, ೧೯೮೯ರಲ್ಲಿ ಈ ಮನೆ ಬಂತು, ಊಟದ ಮೇಜು ಬಂತು. ಒಂದೊಂದು ಬಂದ ಹಾಗೂ ಅಡುಗೆಯ ಬಗೆ ಹೆಚ್ಚಿತು, ಅವಳು ನಿಲ್ಲುವ ಹೊತ್ತೂ ಹೆಚ್ಚಿತು. ಬಡತನದ ಆ ಒಂದು ಸ್ಟೋವಿನ ಕಾಲದಲ್ಲಿ ಮಾತ್ರ ಬಡಿಸಲು ಯಾರೂ ನಿಂತಿರಬೇಕಾಗಿರಲಿಲ್ಲ. ಅಡುಗೆ ಒಮ್ಮೆಗೇ ಮುಗಿಯುತ್ತಿತ್ತು, ಇಬ್ಬರೂ ಒಮ್ಮೆಗೇ ಕುಳಿತುಕೊಳ್ಳುತ್ತಿದ್ದೆವು. ಒಂದೇ ಪಾತ್ರೆಯ ಅಡುಗೆಯಲ್ಲಿ ತೊಳೆಯುವ ಕಷ್ಟ ಕಡಿಮೆ ಎಂದೇ ನಾನು ತಿಳಿದಿದ್ದೆ. ಅದರ ದೊಡ್ಡ ಗುಣ ಇದು ಎಂದು ಅಂದು ತಿಳಿಯಿತು.

ಲೆಕ್ಕ ಒಪ್ಪಿಸದೆ ಲೇಖನ ಮುಗಿಸಿದರೆ ಹಳೆಯ ವೃತ್ತಿಗೆ ದ್ರೋಹ. ಆ ಭಾನುವಾರ ಕೋಳಿ ಕಿಲೋಗೆ ೨೪೦ ರೂಪಾಯಿ, ನಾಲ್ಕುನೂರು ಗ್ರಾಮಿಗೆ ೯೬, ಅಕ್ಕಿ ೯, ಈರುಳ್ಳಿ, ಬಟಾಟೆ ೧೫, ತೆಂಗಿನಕಾಯಿ ಅರ್ಧಕ್ಕೆ ೨೦, ಎಣ್ಣೆ, ಮಸಾಲೆ, ಲಿಂಬೆ, ಗ್ಯಾಸು ಎಲ್ಲ ಸೇರಿ ೨೦. ಒಟ್ಟು ೧೬೦ ರೂಪಾಯಿ, ಇಬ್ಬರಿಗೆ. ತೊಳೆದ ಪಾತ್ರೆ: ಬಾಣಲೆ ಒಂದು, ತಟ್ಟೆ ಮೂರು. ಉಳಿದದ್ದು: ಇಲ್ಲ. ಈ ಕೊನೆಯ ಕಲಮನ್ನು ಅವಳು ಎರಡು ಸಲ ನೋಡಿದಳು. ಬಾಣಲೆಯ ತಳ ಕಂಡಾಗ ಅವಳ ಮುಖದಲ್ಲಿ ಒಂದು ಗಾಬರಿ ಹಾದುಹೋಯಿತು. ಯಾರಾದರೂ ಬಂದರೆ ಎಂಬ ಗಾಬರಿ. ಆಮೇಲೆ, "ಸಾಕಾಯ್ತ್. ಸಮ ಆಯ್ತ್" ಎಂದಳು.

ಮಲಗುವ ಮುನ್ನ ನೋಟುಬುಕ್ಕಿನಲ್ಲಿ ಅಳತೆಗಳನ್ನು ತಿದ್ದಿ ಬರೆಯುತ್ತಿದ್ದೆ. ಅವಳು ಹಾಸಿಗೆಯಿಂದಲೇ ಹೇಳಿದಳು: "ಚಂದ ಮಾಡಿ ಬರ್ದಿಡಿ. ಒಬ್ರಿಗಾರೆ ಎಲ್ಲ ಅರ್ಧ ಹಾಕ್ರೆ ಆಯ್ತ್. ನೀರ್ ಮಾತ್ರ ಅರ್ಧಕ್ಕಿಂತ ಚೂರು ಜಾಸ್ತಿ."

ನಾನು ತಲೆ ಎತ್ತಲಿಲ್ಲ. ಆಯಿತು ಎಂದೆ. ಆ ಸಾಲನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಆರು ವಾರಕ್ಕೆ ಪ್ಲಾಸ್ಟರು ಬಿಚ್ಚಿದರು. ಮಣಿಕಟ್ಟು ಇನ್ನೂ ಪೂರ್ತಿ ತಿರುಗುವುದಿಲ್ಲ. ರಬ್ಬರಿನ ಚೆಂಡು ಹಿಸುಕುವ ವ್ಯಾಯಾಮ ನಡೆಯುತ್ತಿದೆ. ವಾರದ ಆರು ದಿನ ಅಡುಗೆಮನೆ ಮತ್ತೆ ಅವಳ ಆಡಳಿತಕ್ಕೆ ಬಂದಿದೆ, ತರಕಾರಿ ಹೆಚ್ಚುವ ಖಾತೆ ನನ್ನದು. ಹತ್ತು ಜನರ ತಪ್ಪಲೆ ಅಟ್ಟಕ್ಕೆ ಹೋಯಿತು. ಎಸೆಯಲು ಅವಳು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ; ಮಕ್ಕಳು ಬಂದರೆ ಬೇಕಾಗುತ್ತದೆ. ಭಾನುವಾರ ರಾತ್ರಿ ಮಾತ್ರ ನನ್ನದು. ಮೊನ್ನೆ ಊಟದ ನಡುವೆ ಅವಳು ಹಪ್ಪಳ ಸುಡಲೆಂದು ಎದ್ದಳು. ಕುಳಿತುಕೋ ಎಂದೆ. "ಒಂದೇ ನಿಮಿಷ" ಎಂದಳು. ಹಪ್ಪಳವಿಲ್ಲದಿದ್ದರೂ ನಡೆಯುತ್ತದೆ ಎಂದೆ. ಕುಳಿತಳು.

ನಮ್ಮಂತೆ ಇಬ್ಬರೇ ಉಳಿದಿರುವ ಮನೆಗಳು ಈ ಮಹಾನಗರದಲ್ಲಿ ನಮ್ಮವರದೇ ಬೇಕಾದಷ್ಟಿವೆ. ಹೊಸದಾಗಿ ಸಂಸಾರ ಹೂಡಿದ ಇಬ್ಬರೂ ಇದ್ದಾರು, ಕೆಲಸ ಮುಗಿಸಿ ಎಂಟರ ಲೋಕಲ್ ಹಿಡಿದು ಬರುವವರು. ಅಂಥ ಓದುಗರು ಒಂದು ಭಾನುವಾರ ಇದನ್ನು ಮಾಡಿ ನೋಡಬೇಕೆಂದು ವಿನಂತಿ. ಅಂಗಡಿಯಲ್ಲಿ ಕಾಲಿನ ತುಂಡು ಕೇಳುವ ಮೊದಲು ಮನೆಯಲ್ಲೊಮ್ಮೆ ವಿಚಾರಿಸಿಕೊಂಡು ಹೋಗುವುದು ಮೇಲು. ನಮ್ಮ ಅಂಗಡಿಯ ಹುಡುಗ ಈಗ ನಾನು ಕೇಳುವ ಮೊದಲೇ ನಾಲ್ಕುನೂರು ಗ್ರಾಂ ತೂಗಿ, ಮೇಲೆ ಎರಡು ಕುತ್ತಿಗೆಯ ತುಂಡು ಹಾಕಿಕೊಡುತ್ತಾನೆ. ಅದಕ್ಕೆ ದುಡ್ಡು ಹಿಡಿಯುವುದಿಲ್ಲ.